ಸೋಮವಾರ ನಿಂತಿರುವ ಎತ್ತುಗಳ ಬಗ್ಗೆ

ಸಂಖ್ಯೆ: ಸಹಾ/ಎತ್ತು/ಸೋಮ/೭/೮೩-೮೪
ಹುನಗುಂದ, ದಿನಾಂಕ: ೨೦-೧೦-೧೯೮೩

ಸುತ್ತೋಲೆ

ವಿಷಯ: ಸಹಾಯಧನದ ಎತ್ತುಗಳು ಪರಿಶೀಲನೆಯ ದಿನ ದುಡಿಯದೆ ನಿಂತಿರುವ ಬಗ್ಗೆ.

ಉಲ್ಲೇಖ: ೧) ಇದೇ ವಿಷಯದ ಹಿಂದಿನ ಸುತ್ತೋಲೆ (ಸಿಕ್ಕಿಲ್ಲ). ೨) ಜೀಪು ಚಾಲಕ ಮೀರಾಸಾಬ ಅವರ ಬಾಯಿಮಾತಿನ ವರದಿ.

ಎತ್ತು ದುಡಿಯುವುದನ್ನು ಅಧಿಕಾರಿಯು ಕಣ್ಣಾರೆ ಕಂಡ ಮೇಲೆಯೇ ಎತ್ತು ಖರೀದಿಯ ಸಹಾಯಧನ ಪಾವತಿಸತಕ್ಕದ್ದೆಂಬ ನಿಯಮವಿದೆ. ಕಚೇರಿಯ ಜೀಪು ಸೋಮವಾರ ಮಾತ್ರ ಬಿಡುವಾಗಿರುತ್ತದೆ. ಉಳಿದ ದಿನ ಸಭೆಗಳಿಗೆ, ಸಭೆಯಿಲ್ಲದ ದಿನ ಸಾಹೇಬರ ಮನೆಯವರ ಕುಪ್ಪಸದ ಖಣ ಖರೀದಿಗೆ ಗುಳೇದಗುಡ್ಡಕ್ಕೆ ಹೋಗುತ್ತದೆ. ಈ ಭಾಗದ ರೈತರು ಎತ್ತನ್ನು ಬಸವಣ್ಣನೆಂದು ಭಾವಿಸಿ ಸೋಮವಾರ ನೊಗ ಹೂಡುವುದಿಲ್ಲವೆಂಬುದು ಮೂರು ವರ್ಷಗಳ ಪರಿಶೀಲನೆಯ ನಂತರ ಗಮನಕ್ಕೆ ಬಂದಿದೆ. ಆದಕಾರಣ ಈ ಕೆಳಕಂಡಂತೆ ಆದೇಶಿಸಲಾಗಿದೆ.

೧. ಸೋಮವಾರ ನಿಂತಿರುವ ಎತ್ತನ್ನು ಗೈರುಹಾಜರೆಂದು ಬರೆಯಕೂಡದು. ಹಾಜರಿದ್ದೂ ಕೆಲಸ ಮಾಡದ ಎತ್ತನ್ನು, ಕಚೇರಿ ಸಿಬ್ಬಂದಿಗೆ ಅನ್ವಯಿಸುವ ಪದ್ಧತಿಯಂತೆ, ಕರ್ತವ್ಯದ ಮೇಲಿದೆಯೆಂದು ಪರಿಗಣಿಸತಕ್ಕದ್ದು.

೨. ರಜೆ ಬೇಕಾದ ಎತ್ತು ಶನಿವಾರ ಸಂಜೆಯೊಳಗೆ ಅರ್ಜಿ ಸಲ್ಲಿಸಬೇಕು. ಎಡ ಎತ್ತಿನ ಅರ್ಜಿ ಬಲ ಎತ್ತಿಗೆ ಅನ್ವಯಿಸುವುದಿಲ್ಲ. ಸಹಿಯ ಬದಲು ಒತ್ತುವ ಗೊರಸಿನ ಗುರುತು ಮುಂಗಾಲಿನದೇ ಆಗಿರಬೇಕು.

೩. ಎತ್ತಿನ ಹಣೆಗೆ ವಿಭೂತಿ ಹಚ್ಚಿದ್ದಲ್ಲಿ ಅಧಿಕಾರಿಯು ಬೂಟು ಕಳಚಿ ಪರಿಶೀಲಿಸಬೇಕು. ಕೈ ಮುಗಿದಲ್ಲಿ ಅದು ವೈಯಕ್ತಿಕ. ಪ್ರಸಾದ ತಿಂದಲ್ಲಿ ದಿನಭತ್ಯೆಯಲ್ಲಿ ಕಡಿತವಾಗುತ್ತದೆ.

೪. ವಾರಗಳನ್ನು ಬದಲಿಸುವ ಅಧಿಕಾರ ಈ ಕಚೇರಿಗೆ ಇಲ್ಲದ್ದರಿಂದ, ಪರಿಶೀಲನೆಯ ಮಟ್ಟಿಗೆ ಸೋಮವಾರವನ್ನು ಮಂಗಳವಾರವೆಂದು ಭಾವಿಸತಕ್ಕದ್ದು. ಎತ್ತುಗಳಿಗೆ ಇದನ್ನು ಮನವರಿಕೆ ಮಾಡಿಕೊಡುವ ಹೊಣೆ ಗ್ರಾಮಸೇವಕರದು.

೫. ಗುರುಸಿದ್ದವ್ವ ಎಂಬ ರೈತ ಮಹಿಳೆಯ ಪ್ರಕರಣವನ್ನು ಇಲ್ಲಿ ನಮೂದಿಸಲಾಗಿದೆ. ಸಹಾಯಧನ ಬಾರದಿದ್ದರೆ ಅಮೀನಗಡದ ಸಂತೆಯಲ್ಲಿ ಎಡ ಎತ್ತನ್ನು ಸಾಲಕ್ಕೆ ಮಾರಿದವನು ಹಿಂಗಾರಿ ಬಿತ್ತನೆಗೆ ಮೊದಲೇ ಅದನ್ನು ಬಿಚ್ಚಿಕೊಂಡು ಹೋಗುವವನಿದ್ದನು. ಒಂಟಿ ಎತ್ತಿನಿಂದ ಬಿತ್ತಲು ಬರುವುದಿಲ್ಲವೆಂದು ಅವರು ಪದೇ ಪದೇ ಅರ್ಜಿ ಕೊಟ್ಟಿದ್ದರೂ, ಪ್ರತಿ ಸೋಮವಾರ ಎತ್ತುಗಳು ಮೆಲುಕು ಹಾಕುತ್ತಿರುವುದು ಕಂಡುಬಂದಿದ್ದರಿಂದ ತಿರಸ್ಕರಿಸಲಾಗಿತ್ತು. ಇದೇ ೧೭ರ ಸೋಮವಾರವೂ ತಿರಸ್ಕರಿಸಿ ಹಿಂದಿರುಗುವಾಗ, ಮಳೆಯಾಗಿದ್ದ ಅವರದೇ ಎರೆಹೊಲದಲ್ಲಿ ಜೀಪು ಹೂತುಹೋಗಿರುತ್ತದೆ. ಎತ್ತು ತರಲು ಸೂಚಿಸಲಾಗಿ ಸದರಿಯವರು, "ಇವತ್ತ ಸೋಮವಾರ ಐತ್ರಿ ಸಾಹೇಬ್ರ. ಬಸವಣ್ಣನ ಹೆಗಲಿಗೆ ನೊಗ ಇಡೂದಿಲ್ಲ. ನಾಳೆ ಮುಂಜಾನೆ ಬರ್ತೇನಿ, ಅಲ್ಲೀತನಕ ರೊಟ್ಟಿ ತಿನ್ರಿ" ಎಂದು ಹೇಳಿಕೆ ನೀಡಿರುತ್ತಾರೆ. ಸೋಮವಾರವನ್ನು ಮಂಗಳವಾರವೆಂದು ಭಾವಿಸಲು ಕೋರಲಾಗಿ, ನಕ್ಕಿರುತ್ತಾರೆ.

೬. ಅಧಿಕಾರಿಯು ಜೀಪಿನಲ್ಲಿಯೇ ಉಳಿದು, ಮಂಗಳವಾರ ಬೆಳಿಗ್ಗೆ ಸದರಿ ಎತ್ತುಗಳು ಜೀಪನ್ನೂ ತಮ್ಮನ್ನೂ ಎಳೆಯುವುದನ್ನು ಕಣ್ಣಾರೆ ಕಂಡಿರುತ್ತಾರೆ. ಜೀಪು ಎಳೆಯುವುದು ಬೇಸಾಯವಲ್ಲವೆಂದು ಲೆಕ್ಕಪತ್ರ ಶಾಖೆ ಆಕ್ಷೇಪಿಸಿತ್ತು. ಆದರೆ ಚಕ್ರಗಳು ಮೂಡಿಸಿದ ಸಾಲುಗಳಲ್ಲಿ ಸದರಿ ಮಹಿಳೆ ಆಗಲೇ ಜೋಳ ಬಿತ್ತಿದ್ದರಿಂದ, ಆ ಒಂದು ಬೆಳಗಿನ ಮಟ್ಟಿಗೆ ಕಚೇರಿಯ ಜೀಪನ್ನು ಬೀಜ ಬಿತ್ತುವ ಕೂರಿಗೆಯೆಂದು ಘೋಷಿಸಿ ಸಹಾಯಧನ ಮಂಜೂರು ಮಾಡಲಾಗಿದೆ.

ಸಹಿ/-
ಸಹಾಯಧನ ಪರಿಶೀಲನಾಧಿಕಾರಿ
(ಜೀಪಿನಲ್ಲಿದ್ದವರು)

ಪ್ರತಿಗಳು:
೧. ಎಲ್ಲ ಗ್ರಾಮಸೇವಕರಿಗೆ, ಎತ್ತುಗಳಿಗೆ ಓದಿ ಹೇಳಲು.
೨. ಚಾಲಕ ಮೀರಾಸಾಬ ಅವರಿಗೆ. "ಸೋಮವಾರ ಹೋಗೂದು ಬ್ಯಾಡ್ರಿ" ಎಂದು ಮೂರು ವರ್ಷಗಳಿಂದ ಹೇಳುತ್ತಿರುವುದನ್ನು ಇನ್ನು ಮುಂದೆ ಲಿಖಿತವಾಗಿ ಹೇಳಲು.
೩. ಶ್ರೀಮತಿ ಗುರುಸಿದ್ದವ್ವ ಅವರಿಗೆ. ಸಹಾಯಧನವನ್ನೂ, ಜೀಪಿನಲ್ಲಿ ಉಳಿದ ಅವರ ಹಗ್ಗ ಮತ್ತು ರೊಟ್ಟಿಬುಟ್ಟಿಯನ್ನೂ ತಲುಪಿಸಲು ಜೀಪು ಬರುವ ಸೋಮವಾರ ಹೊರಡಲಿದೆ. ಮಳೆಯಾದಲ್ಲಿ ಮಂಗಳವಾರ ಎತ್ತುಗಳನ್ನು ಸಿದ್ಧವಾಗಿಡಲು ಕೋರಲಾಗಿದೆ.