ಮಾವನ ಬಂದೂಕಿಗೆ ಐದು ತೋಟಾ

ಎಲ್ಲ ರಗಳೆಗೂ ಮೂಲ ಒಂದು ಚೀಟಿ. ಅಂಗೈಯಗಲದ, ನಾಲ್ಕು ಮಡಿಕೆಯ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳ ಚೀಟಿ. ಬಸವಪ್ರಭು ಬೆಂಗಳೂರಿನ ಬಂದೂಕಿನ ಅಂಗಡಿಯಿಂದ ತಂದ ಐದು ತೋಟಾಗಳ ಡಬ್ಬಿಯ ತಳದಲ್ಲಿ ಅದು ಇತ್ತು. ಓದದೆ ಎಸೆದಿದ್ದರೆ ಸುಖವಾಗಿರುತ್ತಿದ್ದ. ಆದರೆ ಅವನು ದಾವಣಗೆರೆಯಲ್ಲಿ ಪಂಪ್‌ಸೆಟ್ ಮಾರುವ ಮನುಷ್ಯ. ಡಬ್ಬಿಯಲ್ಲಿ ಚೀಟಿ ಇದ್ದರೆ ಅದರ ಪ್ರಕಾರವೇ ನಡೆಯಬೇಕು ಎಂದು ಗಿರಾಕಿಗಳಿಗೆ ದಿನವೂ ಹೇಳುವವನು.

ಎದುರು ಮನೆಯ ಶಾಂತಕುಮಾರಿ ಟೀಚರ್ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಶುಕ್ರವಾರ ಸಂಜೆ ಅವರು ಗೇಟಿನ ಬಳಿ ನಿಂತು, ಇಡೀ ಬೀದಿಗೆ ಕೇಳುವಂತೆ ಚೀಟಿಯನ್ನು ಓದಿ ಅರ್ಥ ಹೇಳಿದರು.

"ಇದು ಸ್ಯಾಬೋ ಸ್ಲಗ್ ಅಂತೆ ಪ್ರಭು. ಕಾಳಿನಂಥ ಸಣ್ಣ ಸಣ್ಣ ಚರೆ ಅಲ್ಲ, ಒಂದೇ ಗುಂಡು. ಅದಕ್ಕೆ ಮೈಮೇಲೆ ಪ್ಲಾಸ್ಟಿಕ್ ಅಂಗಿ ಐತೆ. ನಳಿಗೆ ಒಳಗಿನ ಸುರುಳಿ ಗೆರೆ ಆ ಅಂಗಿ ಹಿಡ್ದು ಗುಂಡನ್ನ ಗಿರ್ರನೆ ತಿರುಗಿಸ್ತದೆ. ಹೊರಗೆ ಬಂದ ಮ್ಯಾಲೆ ಅಂಗಿ ಕಳಚಿ ಬೀಳ್ತದೆ, ಗುಂಡು ನೆಟ್ಟಗೆ ಹೋಗ್ತದೆ. ಹೊಡೆಯೋ ಮೊದ್ಲು ನಳಿಗೆ ಪೂರಾ ಸ್ವಚ್ಛ ಇರಬೇಕು. ಗಟ್ಟಿ ಚೀಲದ ಮ್ಯಾಲೆ ಬಂದೂಕು ಇಟ್ಕಂಡು ಹೊಡೀಬೇಕು. ಟ್ರಿಗರ್ ಎಳೀಬಾರ್ದು, ಮೆಲ್ಲಗೆ ಹಿಂಡಬೇಕು."

ಟೀಚರ್ ಹುಟ್ಟಿದಾಗಿನಿಂದ ಬಂದೂಕು ಮುಟ್ಟಿದವರಲ್ಲ. ಆದರೂ ಹಿಂಡುವುದು ಹೇಗೆಂದು ನಿಂಬೆಹಣ್ಣು ತಂದು ತೋರಿಸಿದರು.

ಇಷ್ಟೆಲ್ಲ ತಯಾರಿ ಯಾಕೆಂದರೆ, ವಿಷಯ ಮರ್ಯಾದೆಯದ್ದು. ಕಡರನಾಯಕನಹಳ್ಳಿಯ ಶಿವಮೂರ್ತಪ್ಪನವರಿಗೆ ಗಂಡುಮಕ್ಕಳಿಲ್ಲ, ಇಬ್ಬರು ಅಳಿಯಂದಿರು. ದೊಡ್ಡಳಿಯ ಕೊಟ್ರೇಶ, ಮಾಯಕೊಂಡದಲ್ಲಿ ಅಕ್ಕಿ ಗಿರಣಿ, ಜೀಪು, ಕಪ್ಪು ಕನ್ನಡಕ. ಚಿಕ್ಕಳಿಯ ನಮ್ಮ ಬಸವಪ್ರಭು. ಮದುವೆಯಾಗಿ ಹನ್ನೆರಡು ವರ್ಷವಾದರೂ ಮಾವನ ಮನೆಯಲ್ಲಿ ಎಲೆಯಡಿಕೆ ತರಲು ಅಂಗಡಿಗೆ ಹೋಗುವವನು ಅವನೇ. ಮಾವನ ಪಡಸಾಲೆಯ ಗೋಡೆಯ ಮೇಲೆ ಒಂದು ಫಾರಿನ್ ಬಂದೂಕು. ವಿದೇಶದಿಂದ ಮರಳಿದ ಎಂಜಿನಿಯರೊಬ್ಬರಿಂದ ಹದಿನೈದು ವರ್ಷದ ಕೆಳಗೆ ಕೊಂಡದ್ದು, ಕಬ್ಬಿನ ಹೊಲಕ್ಕೆ ನುಗ್ಗುವ ಕಾಡುಹಂದಿಗಳನ್ನು ಅಟ್ಟಲು. ಅದು ಯಾರ ಕೈಗೆ ಹೋಗುತ್ತದೋ ಅವನೇ ಆ ಮನೆಯ ಯಜಮಾನ ಎಂದು ಊರೇ ತಿಳಿದಿತ್ತು. ಲೈಸೆನ್ಸಿನಲ್ಲಿ ಇಬ್ಬರು ಅಳಿಯಂದಿರ ಹೆಸರನ್ನೂ ಸೇರಿಸಿದ್ದ ಮಾವ, ಕಣ್ಣಿನ ಆಪರೇಷನ್ ಆದ ಮೇಲೆ ಫೋನ್ ಮಾಡಿದ್ದರು.

"ನನ್ನ ಕೈಲಿ ಇನ್ನ ಆಗಲ್ಲಪ್ಪ. ಇಬ್ಬರೂ ಭಾನುವಾರ ಬರ್ರಿ. ನನ್ನ ಕಣ್ಣೆದುರಿಗೆ ಐದೈದು ಸಲ ಹೊಡೀರಿ. ಯಾರಿಗೆ ಕೊಡಬೇಕು ಅಂತ ನೋಡಿ ಹೇಳ್ತೀನಿ."

ಆ ಬಂದೂಕು ಈವರೆಗೆ ಒಂದು ಇಲಿಯನ್ನೂ ಹೊಡೆದಿರಲಿಲ್ಲ. ಊರವರು ಅದಕ್ಕೆ ದೃಷ್ಟಿಯಾಗಿದೆ ಎಂದಿದ್ದರು. ನಿಜವಾದ ಕಾರಣ ಬೆಂಗಳೂರಿನ ಅಂಗಡಿಯವನಿಗೆ ಗೊತ್ತಿತ್ತು: "ಇದರ ನಳಿಗೇಲಿ ಸುರುಳಿ ಗೆರೆ ಇದೆ ಸಾರ್. ಚರೆ ಹಾಕಿದರೆ ಚರೆ ಎಲ್ಲಾ ಗಿರಗಿರ ತಿರುಗಿ ಬಳೆ ಥರ ಅಗಲ ಆಗುತ್ತೆ. ಸುತ್ತಲಿದ್ದದ್ದಕ್ಕೆಲ್ಲ ಬೀಳುತ್ತೆ, ನಡುವಿನದಕ್ಕೆ ಬೀಳಲ್ಲ. ಇದಕ್ಕೆ ಈ ಗುಂಡೇ ಆಗಬೇಕು." ಈ ಗುಟ್ಟು ಕೊಟ್ರೇಶನಿಗೆ ಗೊತ್ತಿಲ್ಲ ಎಂಬುದನ್ನು ನೆನೆದೇ ಬಸವಪ್ರಭುವಿಗೆ ಒಂದು ವಾರ ನಿದ್ದೆ ಚೆನ್ನಾಗಿ ಬಂದಿತ್ತು.

ಚೀಟಿಯಲ್ಲಿ ಸ್ವಚ್ಛ ಎಂದಿತ್ತಲ್ಲ. ಶನಿವಾರ ಅವನು ಮಾವನ ಮನೆಯಿಂದ ಬಂದೂಕು ತಂದು, ಹರಿಹರದ ಖಾಜಾ ಹುಸೇನನ ಕೈಗೆ ಕೊಟ್ಟು, "ನಳಿಗೆ ಕನ್ನಡಿ ಹಂಗೆ ಹೊಳೀಬೇಕು" ಎಂದು ಹೇಳಿ ಬಂದಿದ್ದ. ಖಾಜಾ ಹುಸೇನನಿಗೆ ಬಂದೂಕು ರಿಪೇರಿಯ ಲೈಸೆನ್ಸು ಅಜ್ಜನ ಕಾಲದಿಂದ ಬಂದದ್ದು. ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದದ್ದು ಲಾರಿ ಇಂಜಿನ್ನುಗಳ ಸಿಲಿಂಡರ್ ಒಳಮೈ ಉಜ್ಜಿ ನುಣುಪು ಮಾಡುವ ಬೋರಿಂಗ್ ಕೆಲಸ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಫೋನು ಬಂತು.

"ಸಾವ್ಕಾರ್ರೇ, ನಾನು ಖಾಜಾ. ನಿಮ್ಮ ಬಂದೂಕು ನೋಡಿದೆ. ಒಳಗೆ ಪೂರಾ ಖರಾಬ್ ಆಗೈತೆ. ಈ ತುದಿಯಿಂದ ಆ ತುದಿ ಮಟ ಗೆರೆ ಬಿದ್ದಾವೆ!"

"ಹ್ಞಾಂ?"

"ಫಿಕರ್ ಮಾಡಬ್ಯಾಡ್ರಿ. ಲಾರಿ ಸಿಲಿಂಡರ್‌ಗೆ ಮಾಡ್ದಂಗೆ ಕಲ್ಲು ಹಾಕಿ ಉಜ್ಜಿ ಎಲ್ಲಾ ಗೆರೆ ತೆಗೀತೀನಿ. ಕನ್ನಡಿ ಅಂದ್ರೆ ಕನ್ನಡಿ! ನಿಮಗೆ ಫ್ರೀ. ಈಗ ಕರೆಂಟಿಲ್ಲ, ಬಂದ ಕೂಡ್ಲೆ ಶುರು ಮಾಡ್ತೀನಿ."

"ಖಾಜಾ, ಬ್ಯಾಡ! ಖಾಜಾ!"

ಫೋನು ಆಗಲೇ ಇಟ್ಟಾಗಿತ್ತು. ಅದು ಖಾಜಾನ ಪಕ್ಕದ ಬೂತಿನ ಫೋನು. ತಿರುಗಿ ಮಾಡಲು ನಂಬರೂ ಇರಲಿಲ್ಲ. ಬಸವಪ್ರಭು ಬನಿಯನ್ನಿನ ಮೇಲೆ ಅಂಗಿ ಏರಿಸುತ್ತಲೇ ಸ್ಕೂಟರಿಗೆ ಒದ್ದ. ಹೆಂಡತಿ ವಾಣಿ ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡೇ ಹಿಂದೆ ಹತ್ತಿದಳು. ಶಾಂತಕುಮಾರಿ ಟೀಚರ್ ಗೇಟಿನಿಂದ "ಪ್ರಭೂ, ಹೊಡೆಯೋವಾಗ ಉಸಿರು ಬಿಗಿ ಹಿಡ್ಕೊಳ್ರಿ!" ಎಂದು ಕೂಗಿದರು. ಅವನು ಆಗಿನಿಂದಲೇ ಹಿಡಿದುಕೊಂಡಿದ್ದ.

ರೈಲ್ವೆ ಗೇಟು ಹಾಕಿತ್ತು. ಆ ಗೇಟು ಹಾಕಿದರೆ ದಾವಣಗೆರೆ ಎರಡು ಊರಾಗುತ್ತದೆ. ಪಕ್ಕದಲ್ಲಿ ನಿಂತಿದ್ದ ಬೆಣ್ಣೆ ವ್ಯಾಪಾರಿ "ಎಲ್ಲಿಗ್ರೀ ಜೋರು?" ಎಂದ.

"ಹರಿಹರಕ್ಕೆ! ಕರೆಂಟು ಬರೋದ್ರೊಳಗೆ ಮುಟ್ಟಬೇಕು!"

"ಎಲ್ಲಾರೂ ಕರೆಂಟು ಬರ್ಲಿ ಅಂತಾರೆ, ನೀವೊಬ್ರೇ ಬರೋದು ಬ್ಯಾಡ ಅಂತೀರಲ್ಲ" ಎಂದು ಅವನು ಅನುಮಾನದಿಂದ ನೋಡಿದ. ಗೂಡ್ಸ್ ಗಾಡಿ ಒಂದೊಂದೇ ಡಬ್ಬಿ ಎಳೆದುಕೊಂಡು ಹೋಯಿತು. ಬಸವಪ್ರಭು ಐವತ್ತೆರಡರವರೆಗೆ ಎಣಿಸಿ ಕೈಬಿಟ್ಟ.

ಗೇಟು ತೆರೆದದ್ದೇ ತಡ, ಸ್ಕೂಟರು ಹಾರಿತು. ಹೆದ್ದಾರಿಯ ಉದ್ದಕ್ಕೂ ಅವನ ಕಣ್ಣು ರಸ್ತೆಯ ಮೇಲಿರಲಿಲ್ಲ, ಪಕ್ಕದ ಅಂಗಡಿಗಳ ಮೇಲಿತ್ತು. ಎಲ್ಲಾದರೂ ಫ್ಯಾನು ತಿರುಗುತ್ತಿದೆಯೇ? ಇಲ್ಲ. ಎಲ್ಲಾದರೂ ದೀಪ? ಇಲ್ಲ. ಜೀವಮಾನದಲ್ಲಿ ಮೊದಲ ಸಲ ಅವನು ವಿದ್ಯುತ್ ಮಂಡಳಿಗೆ ಕೈಮುಗಿದ. ಹರಿಹರ ಬಂದಾಗ ಒಂದು ಹಿಟ್ಟಿನ ಗಿರಣಿ ಗರ್ರೆಂದಿತು.

"ಬಂತು ಕಣ್ರೀ ಕರೆಂಟು!" ಎಂದು ವಾಣಿ ಚೀರಿದಳು.

ಖಾಜಾನ ಶೆಡ್ಡಿನಲ್ಲಿ ನಳಿಗೆಯನ್ನು ಕಬ್ಬಿಣದ ಇಕ್ಕಳಕ್ಕೆ ಬಿಗಿಯಾಗಿ ಸಿಕ್ಕಿಸಿಯಾಗಿತ್ತು. ಯಂತ್ರದ ಉಜ್ಜುಗಲ್ಲು ಗಿರಗಿರ ತಿರುಗುತ್ತಾ ನಳಿಗೆಯ ಬಾಯಿಗೆ ನಾಲ್ಕು ಬೆರಳು ದೂರದಲ್ಲಿತ್ತು. ವಾಣಿ ಇಳಿಯುತ್ತಲೇ ಬಸವಪ್ರಭು ಸ್ಕೂಟರನ್ನು ಸ್ಟ್ಯಾಂಡ್ ಹಾಕದೆ ಬಿಟ್ಟು, ಬಿದ್ದ ಸ್ಕೂಟರನ್ನು ದಾಟಿ, ಒಳಗೆ ನುಗ್ಗಿ ಗೋಡೆಯ ಮೇನ್ ಸ್ವಿಚ್ಚನ್ನೇ ಕೆಳಗೆಳೆದ.

"ಯಾಕ ಸಾವ್ಕಾರ್ರೇ?" ಖಾಜಾ ಬೆಚ್ಚಿ ನಿಂತ.

"ಆ ಗೆರೆ ಬೇಕು ಮಾರಾಯ! ಫಾರಿನ್‌ನೋರು ಬೇಕಂತಾನೇ ಹಾಕ್ಯಾರೆ!"

ಖಾಜಾ ನಳಿಗೆಯೊಳಗೆ ಒಂದು ಕಣ್ಣಿಟ್ಟು ಬಹಳ ಹೊತ್ತು ನೋಡಿದ. "ಬೇಕಂತಾನೇ ಹಾಕಿದ್ದಾ? ಇದೇ ಗೆರೆ ಲಾರಿ ಸಿಲಿಂಡರ್‌ದಾಗೆ ಬಿದ್ರೆ ಓನರು ಅಳ್ತಾನ್ರೀ" ಎಂದು ತಲೆ ಅಲ್ಲಾಡಿಸಿದ. ಆಮೇಲೆ ಎಣ್ಣೆ, ಬ್ರಷ್ಷು, ಬಟ್ಟೆಯಿಂದ ಗೆರೆಗೆರೆಯನ್ನೂ ತಿಕ್ಕಿ ಕೊಟ್ಟ. ಬಟ್ಟೆ ಸಾಲದಾದಾಗ ಬಸವಪ್ರಭುವಿನ ಹೊಸ ಬನಿಯನ್ನೂ ಆ ಸೇವೆಗೆ ಹೋಯಿತು.

ಕಡರನಾಯಕನಹಳ್ಳಿ ಮುಟ್ಟುವಾಗ ಹನ್ನೊಂದು ಗಂಟೆ. ಕಾಲುವೆಯ ಎತ್ತರದ ಮಣ್ಣಿನ ಏರಿಗೆ ಒಂದು ಎಣ್ಣೆ ಡಬ್ಬಿಯ ಮುಚ್ಚಳ ಒರಗಿಸಿ ಸುಣ್ಣ ಬಳಿದಿದ್ದರು. ಐವತ್ತು ಹೆಜ್ಜೆ ಈಚೆಗೆ ಬೇವಿನ ಮರದಡಿ ಶಿವಮೂರ್ತಪ್ಪನವರ ಕುರ್ಚಿ. ಸುತ್ತ ಅರ್ಧ ಊರು.

"ಬರ್ರಿ ಪ್ರಭಣ್ಣ, ಎಲೆಯಡಿಕೆ ತಂದ್ರೇನು?" ಎಂದು ಕೊಟ್ರೇಶ ನಕ್ಕ. ವಾಣಿಯ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ವಾಣಿಯ ಮುಖ ಕೆಂಪಗಾಯಿತು. "ಇವತ್ತು ಗೆದ್ದು ಬರ್ರಿ, ಇಲ್ಲಾಂದ್ರೆ ನಾನು ಈ ಊರಿಗೆ ಕಾಲಿಡಲ್ಲ" ಎಂದು ಗಂಡನ ಕಿವಿಯಲ್ಲಿ ಹೇಳಿದಳು.

ಮೊದಲು ಕೊಟ್ರೇಶ. ಚರೆ ತುಂಬಿದ ಮಾಮೂಲಿ ತೋಟಾ ಹಾಕಿ, ಕಪ್ಪು ಕನ್ನಡಕ ಸರಿಮಾಡಿಕೊಂಡು, ನಿಂತೇ ಹೊಡೆದ. ಢಮ್ಮೆಂದಿತು. ಏರಿಯ ಮೇಲಿನ ಜಾಲಿ ಗಿಡದ ಎಲೆಗಳು ಉದುರಿದವು, ಅತ್ತ ಒಂದು ಗಡಿಗೆ ಒಡೆಯಿತು, ಇತ್ತ ಯಾರೋ ಒಣಹಾಕಿದ್ದ ಟವೆಲಿಗೆ ತೂತು ಬಿತ್ತು. ಮುಚ್ಚಳ ಮಾತ್ರ ಬಿಳಿ ಬಿಳಿಯಾಗಿ ಹಾಗೇ ಇತ್ತು. ಐದು ಸಲ ಹೊಡೆದರೂ ಅದೇ ಕತೆ. ಹಂದಿಗಳಿರಲಿ, ನಾಯಿಗಳೂ ಊರು ಬಿಟ್ಟವು. ಶಿವಮೂರ್ತಪ್ಪ "ಹ್ಞೂಂ" ಎಂದರಷ್ಟೇ.

ಬಸವಪ್ರಭು ನಳಿಗೆ ಒರೆಸಿ, ಭತ್ತದ ಚೀಲ ತರಿಸಿ, ಅದರ ಹಿಂದೆ ಬೋರಲು ಮಲಗಿದ. ಊರು ನಕ್ಕಿತು. ಅವನು ನಿಂಬೆಹಣ್ಣನ್ನು ನೆನೆದು ಟ್ರಿಗರನ್ನು ಹಿಂಡಿದ. ಗುಂಡು ಮುಚ್ಚಳದ ಎಡಕ್ಕೆ ಒಂದು ಗೇಣು ದೂರದಲ್ಲಿ ಮಣ್ಣು ಹಾರಿಸಿತು. ಕೊಟ್ರೇಶ ಜೋರಾಗಿ ಚಪ್ಪಾಳೆ ತಟ್ಟಿದ. ಬಸವಪ್ರಭು ಮತ್ತೆ ನಳಿಗೆ ಒರೆಸಿ, ಆರಲು ಬಿಟ್ಟು, ಎರಡನೆಯದನ್ನು ಹೊಡೆದ. ಅದೂ ಎಡಕ್ಕೇ, ಅದೇ ತೂತಿನ ಪಕ್ಕಕ್ಕೇ ಬಿತ್ತು. ಜನ ಅಯ್ಯೋ ಎಂದರು. ಬಸವಪ್ರಭುವಿನ ಎದೆ ಮಾತ್ರ ಕುಣಿಯಿತು. ತಪ್ಪಿದರೂ ಎರಡೂ ಒಂದೇ ಕಡೆ ತಪ್ಪಿದ್ದವು! ಬಂದೂಕಿಗೆ ಬುದ್ಧಿ ಬಂದಿತ್ತು. ಇನ್ನು ಗುರಿಯನ್ನು ಒಂದು ಗೇಣು ಬಲಕ್ಕೆ ಹಿಡಿದರೆ ಆಯಿತು.

ಮೂರನೆಯ ಗುಂಡಿಗೆ ಮುಚ್ಚಳ ಟಣ್ಣೆಂದಿತು. ನಾಲ್ಕನೆಯದಕ್ಕೆ ಮತ್ತೆ ಟಣ್! ಐದನೆಯದಕ್ಕೆ ಮುಚ್ಚಳ ಎಗರಿ ಬಿತ್ತು. ಓಡಿಹೋಗಿ ತಂದವರು ತೋರಿಸಿದರು: ಮೂರೂ ತೂತು ಒಂದೇ ನಿಪ್ಪಟ್ಟಿನಡಿ ಮುಚ್ಚಿಹೋಗುವಷ್ಟು ಹತ್ತಿರ. ಊರು ಹೋ ಎಂದು ಕೂಗಿ ಅವನನ್ನು ಎತ್ತಿಕೊಂಡಿತು. ಎರಡು ನಿಮಿಷ ಬಸವಪ್ರಭು ನೆಲ ಮುಟ್ಟಲಿಲ್ಲ. ಕೊಟ್ರೇಶ ಕನ್ನಡಕ ತೆಗೆದು ಒರೆಸಿಕೊಂಡ. ವಾಣಿ ಅಕ್ಕನ ಕಡೆ ತಿರುಗಿ ಒಂದು ನೋಟ ಕೊಟ್ಟಳು; ಹನ್ನೆರಡು ವರ್ಷದ ಬಾಕಿಯೆಲ್ಲ ಅದರಲ್ಲೇ ತೀರಿತು.

ಅಷ್ಟರಲ್ಲಿ ಸದ್ದು ಕೇಳಿ ಒಂದು ಮೋಟಾರ್ ಬೈಕು ಬಂದು ನಿಂತಿತು. ಖಾಕಿ ಬಟ್ಟೆಯ ಅಂಜನಕುಮಾರ, ಆ ಕಡೆಯ ಫಾರೆಸ್ಟ್ ಗಾರ್ಡು. ಮುಚ್ಚಳ ಕೈಗೆ ತೆಗೆದುಕೊಂಡು ತೂತುಗಳಲ್ಲಿ ಬೆರಳಾಡಿಸಿದ.

"ಯಾರು ಹೊಡ್ದಿದ್ದು?"

"ನಾನೇ" ಎಂದು ಬಸವಪ್ರಭು ಜನರ ಹೆಗಲ ಮೇಲಿಂದಲೇ ಹೇಳಿದ. ಗಾರ್ಡು ಪುಸ್ತಕ ತೆಗೆದ. ಹೆಸರು, ಅಂಗಡಿ, ಮನೆ ನಂಬರು, ಫೋನು, ಎಲ್ಲವನ್ನೂ ಅವನು ಸಂಭ್ರಮದಿಂದ ಬರೆಸಿದ. ಬಹುಮಾನವೇನಾದರೂ ಇರಬಹುದು ಎಂದುಕೊಂಡ.

"ಹಿಂಗೆ ಹೊಡೆಯೋರು ಈ ತಾಲ್ಲೂಕಿನಾಗೇ ಇಲ್ಲ ಸಾರ್" ಎಂದ ಅಂಜನಕುಮಾರ ಪೆನ್ನು ಮುಚ್ಚುತ್ತಾ. "ಇನ್ನ ಮ್ಯಾಲೆ ಇಲ್ಲಿ ಎಲ್ಲೇ ಒಂದು ಹಂದಿ ಗುಂಡು ತಿಂದು ಸತ್ರೂ ಸೀದಾ ನಿಮ್ಮ ಅಂಗಡಿಗೇ ಬರ್ತೀನಿ."

ಜನ ಬಸವಪ್ರಭುವನ್ನು ಮೆಲ್ಲಗೆ ಕೆಳಗಿಳಿಸಿದರು. ಬೈಕು ಹೋದ ಮೇಲೆ ಶಿವಮೂರ್ತಪ್ಪ ಕುರ್ಚಿಯಿಂದ ಎದ್ದು, ಬಂದೂಕು ತೆಗೆದುಕೊಂಡು, ನೇರವಾಗಿ ಕೊಟ್ರೇಶನ ಕೈಗೆ ಇಟ್ಟರು.

"ಅಪ್ಪಾಜಿ!" ವಾಣಿ ಮುಂದೆ ಬಂದಳು. "ಭಾವಾರದ್ದು ಒಂದೂ ಗುರಿಗೆ ಬೀಳ್ಲಿಲ್ಲ!"

"ಅದಕ್ಕೇ ಕೊಟ್ಟಿದ್ದು ಕಣವ್ವ" ಎಂದರು ಮುದುಕರು. "ಹಂದಿ ಓಡ್ಸಾಕೆ ಸದ್ದು ಸಾಕು. ಪಕ್ಕದ ಹೊಲದ ಕಲ್ಲಪ್ಪಗೆ ಗುರಿ ಚಲೋ ಇತ್ತು. ಒಂದೇ ಒಂದು ಹಂದಿ ಬಿತ್ತು, ಫಾರೆಸ್ಟ್‌ನೋರು ಕೇಸು ಹಾಕಿದ್ರು, ನಾಲ್ಕು ವರ್ಷದಿಂದ ಹರಿಹರದ ಕೋರ್ಟಿಗೆ ಅಲೀತಾನೆ. ನಾನು ಹದಿನೈದು ವರ್ಷ ಈ ಬಂದೂಕು ಇಟ್ಕಂಡು ಒಂದು ಕೇಸಿಲ್ಲದೆ ಇದ್ದೀನಿ ಅಂದ್ರೆ, ಅದು ಯಾವುದಕ್ಕೂ ತಾಗಲ್ಲ ಅನ್ನೋದಕ್ಕೇ. ಚಿಕ್ಕ ಅಳಿಯಂದ್ರೇ, ನೀವು ಬಾಳ ಶಾಣ್ಯಾರು. ನೀವು ಮಾತ್ರ ಇದನ್ನ ಮುಟ್ಟಬ್ಯಾಡ್ರಿ."

ಕೊಟ್ರೇಶ ಬಂದೂಕನ್ನು ಹೆಗಲಿಗೇರಿಸಿ ಕನ್ನಡಕ ಹಾಕಿಕೊಂಡ. ಊಟವಾದ ಮೇಲೆ ಎಲೆಯಡಿಕೆ ಸಾಲದಾಯಿತು. ಯಾರೂ ಹೇಳದೆಯೇ ಬಸವಪ್ರಭು ಅಂಗಡಿಗೆ ಹೊರಟ.

ವಾಪಸು ಬರುವಾಗ ಸ್ಕೂಟರು ಹರಿಹರ ದಾಟಿತು. ವಾಣಿ ಹಿಂದಿನಿಂದ ನಿಧಾನವಾಗಿ ಕೇಳಿದಳು:

"ಮದುವ್ಯಾದಾಗಿಂದ ಒಂದು ಕೆಲಸಾನೂ ನೆಟ್ಟಗೆ ಮಾಡಿದೋರಲ್ಲ ನೀವು. ಇವತ್ತೇ ಯಾಕ್ರೀ ಮಾಡಬೇಕಿತ್ತು?"