ಕೆಲಸಕ್ಕೆ ಬಾರದ ಕಷಾಯ

ಸತ್ಯಪ್ರಕಾಶನ ಮೊಣಕೈ ತಗುಲಿ ಸುಳ್ಳು ಕಷಾಯದ ಕ್ಯಾನು ಉರುಳಿದ್ದು ಬೆಳಿಗ್ಗೆ ಒಂಬತ್ತಕ್ಕೆ.

ಅವನು ಕೆಲಸ ಮಾಡುತ್ತಿದ್ದ ಅಹಮದಾಬಾದಿನ ಸಂಶೋಧನಾ ಸಂಸ್ಥೆಯಲ್ಲಿ ಮಲೇರಿಯಾ ರೋಗಿಗಳಿಗೆಲ್ಲ ಮಾತ್ರೆ ಕೊಡುತ್ತಿದ್ದರು. ಜೊತೆಗೆ ಅರ್ಧ ಜನಕ್ಕೆ ನೆಲಬೇವಿನ ಕಷಾಯ. ಉಳಿದರ್ಧಕ್ಕೆ ಅದೇ ಬಣ್ಣದ, ಅದೇ ಕಹಿಯ, ಆದರೆ ಯಾವ ಗುಣವೂ ಇಲ್ಲದ ಸುಳ್ಳು ಕಷಾಯ. ಯಾರು ಯಾವುದನ್ನು ಕುಡಿದರೆಂದು ಅವರಿಗೇ ಗೊತ್ತಾಗಬಾರದು. ಆಗಲೇ ನೆಲಬೇವಿನ ಬಂಡವಾಳ ತಿಳಿಯುವುದು.

"ನಾಲ್ಕು ಗಂಟೆಗೆ ರೋಗಿಗಳು ಬರ್ತಾರೆ," ಎಂದರು ನಿರ್ದೇಶಕ ಕಶ್ಯಪ್. "ಅಷ್ಟರೊಳಗೆ ಸುಳ್ಳು ಕಷಾಯ ಇಲ್ಲದಿದ್ರೆ ಪ್ರಯೋಗ ನಿಲ್ಲುತ್ತೆ. ನಿಮ್ಮ ಬಡ್ತಿಯೂ."

ಸತ್ಯಪ್ರಕಾಶ ವಸ್ತ್ರಾಪುರದ ಮನೆಗೆ ಓಡಿದ. "ವೈದೇಹಿ, ಕಹಿಯಾಗಿರೋದು, ಆದ್ರೆ ಯಾವ ಉಪಯೋಗಕ್ಕೂ ಬಾರದ್ದು ಏನಾದ್ರೂ ಇದ್ಯಾ?"

"ನನ್ನ ಅಡುಗೆಮನೇಲಿ ಅಂಥದ್ದೇನೂ ಇರ್ಲಿಲ್ಲ, ನೀವು ಬರೋವರೆಗೆ," ಎಂದಳು ಹೆಂಡತಿ.

"ಹಾಗಲಕಾಯಿ?"

"ಸಕ್ಕರೆ ಕಾಯಿಲೆಗೆ."

"ಮೆಂತ್ಯ?"

"ದೇಹಕ್ಕೆ ತಂಪು."

ವಾಸನೆ ಹಿಡಿದವರಂತೆ ಎದುರುಮನೆಯ ಯಶೋದಮ್ಮ, ಮೇಲಿನ ಮನೆಯ ಸುಲೋಚನಾ ಬಂದರು. ಯಶೋದಮ್ಮ ಬೇವಿನ ಸೊಪ್ಪು ತಂದರು. ಚರ್ಮಕ್ಕೆ ಅದರಷ್ಟು ಒಳ್ಳೆಯದಿಲ್ಲವೆಂದು ತಾವೇ ಹೇಳಿ ಕೆಡಿಸಿದರು. ಸುಲೋಚನಾ ಕಿತ್ತಳೆ ಸಿಪ್ಪೆ ಕುದಿಸಿದರು. ಅದು ಪಿತ್ತಕ್ಕೆ ಎಂದರು ಯಶೋದಮ್ಮ.

"ಗುಣ ಇಲ್ಲದ್ದು ಬೇಕಮ್ಮಾ."

"ದೇವರು ಗುಣ ಇಲ್ಲದ್ದನ್ನ ಹುಟ್ಟಿಸ್ತಾನೇನಪ್ಪ? ಅದಕ್ಕೆ ಸರಕಾರವೇ ಬೇಕು," ಎಂದು ಯಶೋದಮ್ಮ ದೇವರ ಗೂಡಿನ ಕಡೆಗೆ ಕೈಮುಗಿದರು.

ಮಧ್ಯಾಹ್ನದೊಳಗೆ ಸತ್ಯಪ್ರಕಾಶ ಎಂಟು ಬಗೆಯ ಕಹಿ ರುಚಿ ನೋಡಿದ್ದ. ಮುಖ ಬಿಸಿಲಿಗೆ ಹಾಕಿದ ಬಾಳಕದ ಮೆಣಸಿನಕಾಯಿಯಂತೆ ಮುದುಡಿತ್ತು. ಹೊಟ್ಟೆ ಗುಡುಗತೊಡಗಿದಾಗ, "ನೋಡಿ, ಗುಣ ಕಾಣ್ತಾ ಇದೆ," ಎಂದು ಹೆಂಗಸರು ಮೂವರೂ ತೃಪ್ತಿಪಟ್ಟರು.

ಕೊನೆಗೆ ಕೈಹಿಡಿದದ್ದು ರಸ್ತೆಯ ತಿರುವಿನ ಉಡುಪಿ ಹೋಟೆಲು. ಮಾಲೀಕ ಗೋಪಾಲಕೃಷ್ಣ ಭಟ್ಟರು ಚೆಲ್ಲಲಿದ್ದ ಕಾಫಿ ಚರಟದ ನೀರನ್ನು ಬಾಟಲಿಗೆ ತುಂಬಿಸಿದರು. "ಮೂರು ಸಲ ಕುದಿಸಿ ಆಗಿದೆ ಮಾರಾಯ್ರೆ. ನಾಲ್ಕನೇ ಸಲ ನಾವು ಗಿರಾಕಿಗೂ ಕೊಡೂದಿಲ್ಲ. ಕಹಿ ಬಿಟ್ರೆ ಎಂತದೂ ಇಲ್ಲ ಇದ್ರಲ್ಲಿ."

ಪ್ರಯೋಗಾಲಯದ ಮನಸ್ವಿನಿ ಆ ನೀರನ್ನೂ, ಹೋಲಿಸಿ ನೋಡಲು ಅಸಲಿ ನೆಲಬೇವಿನ ಕಷಾಯವನ್ನೂ ಯಂತ್ರಕ್ಕಿಟ್ಟಳು. ಫಲಿತಾಂಶವನ್ನು ಎರಡೆರಡು ಸಲ ಓದಿದಳು.

"ಸರ್, ಕಾಫೀಲಿ ಇನ್ನೂ ಸ್ವಲ್ಪ ಸತ್ವ ಉಳಿದಿದೆ. ಆಗಲ್ಲ."

ಸತ್ಯಪ್ರಕಾಶ ಬಾಟಲಿಯನ್ನು ತೊಟ್ಟಿಗೆ ಸುರಿಯಹೊರಟ.

"ಆದ್ರೆ ಇನ್ನೊಂದು ಸರಿಯಾಗಿದೆ. ನೀರು, ಬಣ್ಣ, ಕಹಿಗೆ ಏನೋ ಪುಡಿ. ಅಷ್ಟೇ."

"ಯಾವ ಇನ್ನೊಂದು?"

"ನೆಲಬೇವಿನ ಕಷಾಯ ಸರ್. ಮೂರು ತಿಂಗಳಿಂದ ಕೊಡ್ತಿರೋದು. ಸರಬರಾಜಿನವರನ್ನ ಆರಿಸಿದ್ದು ನೀವೇ ಅಲ್ವಾ?"

ಕಶ್ಯಪ್ ವರದಿ ಓದಿದರು. ಕನ್ನಡಕ ಒರೆಸಿ ಗಡಿಯಾರ ನೋಡಿದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಸುಳ್ಳು ಕಷಾಯ ಸಿಕ್ಕಿತಲ್ಲ, ಒಳ್ಳೇದಾಯ್ತು," ಎಂದರು. "ಇನ್ನೂ ಇಪ್ಪತ್ತು ನಿಮಿಷ ಇದೆ. ಹೋಗಿ ನಿಜವಾದ್ದು ತಗೊಂಡು ಬನ್ನಿ."