ಭಾವನವರ ಆಯಿಲ್ ಕಡ್ಡಿ

ಮನುಷ್ಯನ ಯೋಗ್ಯತೆ ತಿಳಿಯಬೇಕಾದರೆ ಅವನು ಬೆಳಿಗ್ಗೆ ಎದ್ದು ಮೊದಲು ಯಾರ ಮುಖ ನೋಡುತ್ತಾನೆಂದು ಗಮನಿಸಬೇಕು ಎಂದು ಹಿರಿಯರು ಹೇಳಿದ್ದಾರೆ. ಹೇಳಿದ್ದಾರೋ ಇಲ್ಲವೋ, ನಾನಂತೂ ಕೇಳಿಲ್ಲ. ನನ್ನ ಅಕ್ಕನ ಗಂಡ ಎದ್ದು ಮೊದಲು ನೋಡುವುದು ಎಂಜಿನ್ ಆಯಿಲಿನ ಮುಖ. ದೇವರಿಗೂ ಅಕ್ಕನಿಗೂ ಸರದಿ ಆಮೇಲೆ.

ಬನಶಂಕರಿಯಲ್ಲಿ ಮನೆ ಮುಂದೆ ನಿಂತಿರುವ ಇಪ್ಪತ್ತಾರು ಸೀಟಿನ ಮಿನಿ ಬಸ್ಸೇ ಭಾವನವರ ಅನ್ನ. ವಾರವೆಲ್ಲ ಶಾಲೆ ಮಕ್ಕಳು, ಭಾನುವಾರ ಮದುವೆ ದಿಬ್ಬಣ. ಬೆಳಗಿನ ತಪಾಸಣೆ ಮುಗಿಯದೆ ಅದು ಒಂದಿಂಚು ಅಲುಗಿದ್ದಿಲ್ಲ. ರೇಡಿಯೇಟರ್ ನೀರು, ಬ್ರೇಕ್ ಆಯಿಲ್, ಬ್ಯಾಟರಿ ನೀರು, ಫ್ಯಾನ್ ಬೆಲ್ಟು, ಕೊನೆಗೆ ಆಯಿಲ್ ಕಡ್ಡಿ. ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ತೂರಿಸಿ, ಮತ್ತೆ ಎಳೆದು, ಎಣ್ಣೆ ಎರಡು ಗೆರೆಗಳ ನಡುವೆ ಇದೆಯೇ ಎಂದು ನಾಡಿ ಹಿಡಿದ ಪಂಡಿತರ ಗಾಂಭೀರ್ಯದಲ್ಲಿ ನೋಡುತ್ತಾರೆ. ಒಮ್ಮೆ ಮದುವೆ ಗಂಡೇ ಕಿಟಕಿಯಿಂದ ತಲೆ ಹೊರಹಾಕಿ, "ಅಂಕಲ್, ಮುಹೂರ್ತ ಮೀರುತ್ತೆ" ಎಂದನಂತೆ.

"ಮುಹೂರ್ತ ಇನ್ನೊಂದು ಸಿಗುತ್ತೆ ಮಗಾ. ಎಂಜಿನ್ ಸೀಜ್ ಆದ್ರೆ ಇನ್ನೊಂದು ನಿಮ್ಮ ಮಾವ ಕೊಡಿಸ್ತಾರಾ?"

ಭಾವನವರ ಶಾಸ್ತ್ರದಲ್ಲಿ ಒಂದು ಸೂತ್ರವಿದೆ: ಸುರಿದವನ ಕಣ್ಣನ್ನು ನಂಬಬಾರದು. ಹಾಗಾಗಿ ಅವರು ಸುರಿದ ಎಣ್ಣೆಯನ್ನು ಅಕ್ಕ ನೋಡಿ ಹೂಂ ಎನ್ನಬೇಕು. ಸಾರಿನ ಉಪ್ಪು ನೋಡಿದಷ್ಟೇ ಸಲೀಸಾಗಿ ಅವಳೂ ನೋಡುತ್ತಾ ಬಂದಿದ್ದಾಳೆ.

ಮೊನ್ನೆಯ ಭಾನುವಾರ ಮಾತ್ರ ಬೇರೆ. ಅರವತ್ತೊಂದನೆಯ ವಯಸ್ಸಿಗೆ ಅಕ್ಕ ಮೊದಲ ಸಲ ವೇದಿಕೆ ಹತ್ತುವುದಿತ್ತು. ಯಡಿಯೂರು ಕೆರೆಯ ಪಕ್ಕ ಆರು ತಿಂಗಳು ಕೋಲು ಬಡಿದು ಬಡಿದು ವಾಕಿಂಗ್ ಬರುವವರ ನೆಮ್ಮದಿ ಕೆಡಿಸಿದ್ದ ಹನ್ನೆರಡು ಹೆಂಗಸರ ತಂಡ ಅವಳದು. ರಾಮನಗರದಲ್ಲಿ ಕೋಲಾಟದ ಸ್ಪರ್ಧೆ. ಹತ್ತು ಗಂಟೆಗೆ ಹೆಸರು ಕೂಗಿದಾಗ ಇಲ್ಲದಿದ್ದರೆ ತಂಡ ರದ್ದು.

ಬೆಳಿಗ್ಗೆ ಭಾವನವರು ಒಂದು ಲೀಟರ್ ಆಯಿಲ್ ಸುರಿದು, "ಕೆಳಗಿಳೀಲಿ, ಹತ್ತು ನಿಮಿಷ ಬಿಟ್ಟು ನೋಡು" ಎಂದು ಅಕ್ಕನಿಗೆ ಹೇಳಿ, ಚಕ್ರಕ್ಕಿಡಲು ನಿಂಬೆಹಣ್ಣು ತರಲು ಹೋದರು. ಅಕ್ಕನಿಗೆ ಸೀರೆ ನೆರಿಗೆಯ ಚಿಂತೆ. ಆಗಲೇ ಕಡ್ಡಿ ಎಳೆದಳು. ಎಣ್ಣೆ ಇನ್ನೂ ದಾರಿಯಲ್ಲಿತ್ತು, ಕಡಿಮೆ ಕಂಡಿತು. ಇನ್ನೊಂದು ಲೀಟರ್ ಸುರಿದು, "ನೀನೊಂದ್ಸಲ ನೋಡೋ" ಎಂದು ನನಗೆ ವಹಿಸಿ ಒಳಗೆ ಹೋದಳು. ನಾನೂ ಆಗಲೇ ನೋಡಿದೆ. ಕಡಿಮೆಯೇ ಕಂಡಿತು. ಎಲೆಯಲ್ಲಿ ಕಡಿಮೆ ಕಂಡರೆ ಕೇಳದೆ ಬಡಿಸುವ ವಂಶ ನಮ್ಮದು. ನಾನೂ ಒಂದು ಲೀಟರ್ ಸುರಿದೆ.

ಎಂಟೂಕಾಲಿಗೆ ಅಕ್ಕನದೊಂದು ಬಿಟ್ಟು ಉಳಿದ ಹನ್ನೊಂದು ರೇಷ್ಮೆ ಸೀರೆಗಳೂ ಬಸ್ಸಿನಲ್ಲಿ ಕೂತಿದ್ದವು. ಭಾವನವರು ಕೊನೆಯದಾಗಿ ಕಡ್ಡಿ ಎಳೆದರು. ಎಣ್ಣೆ ಮೇಲಿನ ಗೆರೆ ದಾಟಿ ಎರಡು ಬೆರಳು ಹತ್ತಿತ್ತು.

"ಯಾರು ಸುರಿದಿದ್ದು?"

"ನಾನು ಒಂದು ಲೀಟರ್ ಅಷ್ಟೇ ರೀ" ಎಂದಳು ಅಕ್ಕ.

"ನಾನೂ ಅಷ್ಟೇ ಭಾವ" ಎಂದೆ.

ಕಿಟಕಿಯಿಂದ ಒಬ್ಬರು ಸಮಾಧಾನ ಹೇಳಿದರು. "ಹೆಚ್ಚಿದ್ರೆ ಒಳ್ಳೇದೇ ಅಲ್ವಾ ಅಣ್ಣ?"

"ಇದು ಒಗ್ಗರಣೆ ಅಲ್ಲ ತಾಯಿ. ಹೆಚ್ಚಾದ್ರೆ ನೊರೆ ಬರುತ್ತೆ, ಸೀಲ್ ಕಿತ್ತೋಗುತ್ತೆ" ಎಂದವರೇ, ಬಕೆಟ್ಟು ಸ್ಪ್ಯಾನರ್ ಹಿಡಿದು ಬಸ್ಸಿನಡಿ ಮಲಗಿಬಿಟ್ಟರು.

ಕೆಳಗಿನ ನಟ್ ಸಡಿಲಿಸಿ ಎಣ್ಣೆ ಇಳಿಸತೊಡಗಿದರು. ಚಳಿಗೆ ಅದು ಜೇನಿನ ಹಾಗೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ಎಂಟೂವರೆ ಆಯಿತು.  ಬಸ್ಸಿನೊಳಗೆ ಯಾರದೋ ಕೋಲು ಸೀಟಿನ ಸರಳಿಗೆ ಟಕ್ ಟಕ್ ಎನ್ನತೊಡಗಿತು. ನಾನು ಕ್ಯಾಬ್ ಹುಡುಕಿದೆ. ಮೂರು ಬೇಕಿತ್ತು, ಒಂದೂ ಒಪ್ಪಲಿಲ್ಲ.

ನಟ್ ಬಿಗಿದ ಮೇಲೆ ಅಕ್ಕ ಬಗ್ಗಿ ಹೇಳಿದಳು. "ಎಂಟು ನಲವತ್ತು ಆಯ್ತು ರೀ. ಸ್ಟಾರ್ಟ್ ಮಾಡಿ."

"ಹತ್ತು ನಿಮಿಷ ಬಿಟ್ಟು ನೋಡಬೇಕು."

"ಆರು ತಿಂಗಳು ಕುಣಿದಿದ್ದೀನಿ. ನಿಮ್ಮ ಹತ್ತು ನಿಮಿಷಕ್ಕೆ ಎಲ್ಲ ಮಣ್ಣುಪಾಲು. ನಿಮಗೆ ಈ ಬಸ್ಸೇ ಹೆಚ್ಚು."

 ಭಾವನವರು ಬಸ್ಸಿನಡಿ ಮಲಗಿದಲ್ಲಿಂದಲೇ ಹೇಳಿದರು.

"ಒಂದಾದ್ಮೇಲೊಂದು ಮೂರು ಬಸ್ ಇಟ್ಟೆ. ಒಂದರಲ್ಲೂ ನೀನು ಕೂತಿಲ್ಲ. ಸೀಟೆಲ್ಲ ಬಾಡಿಗೆಯವರಿಗೇ ಆಗೋಯ್ತು. ಇವತ್ತು ಕೂರ್ತಿದೀಯ. ನಿನ್ನನ್ನ ಕೂರಿಸ್ಕೊಂಡು ದಾರೀಲಿ ನಿಲ್ಲೋ ಗಾಡಿ ನಾನು ಓಡಿಸಲ್ಲ."

 ಅಕ್ಕ ಒರೆಸುವ ಬಟ್ಟೆ ಎತ್ತಿಕೊಂಡು ಎಂಜಿನ್ ಪಕ್ಕ ನಿಂತಳು. ಗಡಿಯಾರ ನೋಡಿ ಹತ್ತು ನಿಮಿಷ ನಿಂತಳು. ಆಮೇಲೆ ಕಡ್ಡಿ ಎಳೆದು, ಒರೆಸಿ, ತೂರಿಸಿ, ಮತ್ತೆ ಎಳೆದು ಬೆಳಕಿಗೆ ಹಿಡಿದಳು.

"ಹೂಂ. ನಡೀರಿ."

ಡ್ರೈವರ್ ಹಿಂದಿನ ಸೀಟನ್ನು ಉಳಿದವರು ಅವಳಿಗೇ ಬಿಟ್ಟುಕೊಟ್ಟರು. ಒಂಬತ್ತು ಐವತ್ತೆಂಟಕ್ಕೆ ರಾಮನಗರ ತಲುಪಿದೆವು. ಅಕ್ಕನ ತಂಡ ಕುಣಿಯಿತು. ಬಹುಮಾನ ಬರಲಿಲ್ಲ.